ರೊಟ್ಟಿಯ ಹುಲಗವ್ವ ಜಲಪಾತ ನೋಡಿದ್ದು

ಕೊಪ್ಪಳದ ಕೋಟೆಯ ಗುಡ್ಡದ ಮಗ್ಗುಲಿಗೆ ಒಂದು ಓಣಿಯಿದೆ. ಸೂರ್ಯ ಮೂಡುವ ಮೊದಲೇ ಅಲ್ಲಿ ರೊಟ್ಟಿ ಬಡಿಯುವ ಸದ್ದು ಏಳುತ್ತದೆ. ಐದಾರು ಮನೆಗಳ ಹೆಂಗಸರು ಖಾನಾವಳಿಗಳಿಗೂ ಮದುವೆಗಳಿಗೂ ಮಠದ ದಾಸೋಹಕ್ಕೂ ಜೋಳದ ರೊಟ್ಟಿ ಮಾಡಿಕೊಡುತ್ತಾರೆ. ಐವತ್ತನಾಲ್ಕು ವರ್ಷದ ಹುಲಗಮ್ಮ ಅವರಲ್ಲಿ ಒಬ್ಬಳು. ಅವಳ ಎರಡೂ ಮುಂಗೈಗಳ ಮೇಲೆ ಹಂಚಿನ ಅಂಚು ತಗುಲಿದ ಸುಟ್ಟ ಗೆರೆಗಳು ಒಂದರ ಮೇಲೊಂದು ಮೂಡಿವೆ. ಕೈಮುಗಿದು ನಿಂತಾಗ ಭಕ್ತರ ಮೈಮೇಲಿನ ವಿಭೂತಿಯಂತೆ ಅವು ಎದ್ದು ಕಾಣುತ್ತವೆ. ದೇಹವನ್ನು ಹೀಗೆ ಸವೆಸುವವರನ್ನು ಶಿವನು ತನ್ನ ಸಮೀಪದ ಸಾಲಿನಲ್ಲಿ ಕೂರಿಸಿಕೊಳ್ಳುತ್ತಾನೆಂದು ನಂಬಬೇಕು. ನಂಬದೆ ಹೋದರೆ ಇಂಥ ಬದುಕುಗಳನ್ನು ನೋಡಿ ಸಹಿಸುವುದು ಕಷ್ಟ.

ಎಂಟು ವರ್ಷಗಳಿಂದ ಅವಳು ಒಂದು ಪ್ರವಾಸದ ಬಸ್ಸಿಗೂ ರೊಟ್ಟಿ ಕೊಡುತ್ತ ಬಂದಿದ್ದಳು. ಬಸ್ಸು ನಡೆಸುವವನು ಗವಿಸಿದ್ದೇಶ. ಅಡತಿ ಅಂಗಡಿಯ ಮನೆತನದವನಾದರೂ ತಕ್ಕಡಿಯ ಮುಂದೆ ಕೂರುವುದಕ್ಕಿಂತ ಮೈಕು ಹಿಡಿದು ಊರುಗಳ ಕಥೆ ಹೇಳುವುದೇ ಅವನಿಗೆ ಪ್ರೀತಿ. ಮಳೆಗಾಲದ ಭಾನುವಾರಗಳಲ್ಲಿ ಇಪ್ಪತ್ತೆಂಟು ಮಂದಿಯನ್ನು ಕೂಡಿಸಿಕೊಂಡು ಅವನು ರಾಯಚೂರಿನ ಆಚೆ ಗಡಿ ದಾಟುತ್ತಿದ್ದ. ಮುಂಜಾನೆ ತೆಲಂಗಾಣದ ಆಲಂಪುರದಲ್ಲಿ ಹಳೆಯ ಗುಡಿಗಳು, ಮಧ್ಯಾಹ್ನ ಅಲ್ಲಿಂದಲೂ ಮುಂದೆ ಕಾಡಿನ ಅಂಚಿನಲ್ಲಿ ಒಂದು ಜಲಪಾತ, ರಾತ್ರಿಗೆ ಮರಳಿ ಕೊಪ್ಪಳ. ನಸುಕಿನಲ್ಲಿ ಹುಲಗಮ್ಮ ಮೂರು ಬುಟ್ಟಿ ರೊಟ್ಟಿಯನ್ನು ಬಸ್ಸಿನ ಬಾಗಿಲಿಗೆ ಮುಟ್ಟಿಸಿ ಮನೆಗೆ ತಿರುಗುತ್ತಿದ್ದಳು. ಮರುದಿನ ಬುಟ್ಟಿ ತರಲು ಹೋದಾಗ, ನಿನ್ನೆ ಹೋಗಿಬಂದವರು ಯಾರಾದರೂ ಎದುರಾದರೆ ಆ ನೀರಿನ ಮಾತೇ ಆಡುತ್ತಿದ್ದರು.

ಆ ಮಾತು ಅವಳ ಎದೆಯಲ್ಲಿ ನಿಂತುಬಿಟ್ಟಿತ್ತು. ಯಲಬುರ್ಗಾ ಸೀಮೆಯ ಮಂಗಳೂರು ಎಂಬ ಹಳ್ಳಿ ಅವಳ ತವರು. ಏಳು ವರ್ಷದವಳಿದ್ದಾಗ ತಲೆಯ ಮೇಲೆ ಏರಿದ ನೀರಿನ ಕೊಡದ ಸಿಂಬೆ ಮತ್ತೆ ಇಳಿಯಲಿಲ್ಲ. ಮದುವೆಯಾದ ಮೇಲೆ ಗಂಗಾವತಿಯ ಆಚೆ ಸಿದ್ದಾಪುರದ ಕಡೆ ತೆಲುಗು ರೈತರ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋದಳು. ಅಲ್ಲಿ ಕಾಲುವೆ ತುಂಬ ನೀರಿತ್ತು, ಆದರೆ ಬಾಗಿದ ಬೆನ್ನಿನವರಿಗೆ ಅದು ಮೊಣಕಾಲಿನ ಕೆಸರಾಗಿ ಮಾತ್ರ ಸಿಕ್ಕಿತು. ಕೊಪ್ಪಳಕ್ಕೆ ಬಂದ ಮೇಲೆ ನಳ ಬಂದ ದಿನ ತುಂಬಿಡುವುದು, ಕಾಸುವುದು, ಹಿಟ್ಟಿಗೆ ಹಾಕಿ ನಾದುವುದು. ಯಾರೂ ಹೊರದೆ, ಯಾರೂ ಕಾಸದೆ, ತನ್ನಷ್ಟಕ್ಕೆ ತಾನು ಬೀಳುವ ನೀರನ್ನು ಬರಿಗೈಯಲ್ಲಿ ನಿಂತು ಒಮ್ಮೆ ನೋಡಬೇಕೆಂಬುದು ಅವಳ ಆಸೆ. ಇದನ್ನು ಗಂಡ ಹನುಮಂತಪ್ಪನ ಮುಂದೆ ಆಡಿದ್ದಳು. ಹಮಾಲಿ ಮಾಡಿ ಬೆನ್ನು ಹೋದರೂ ನಾಲಗೆ ಹೋಗದ ಮನುಷ್ಯ ಅವನು.

"ನೀರು ನೋಡಾಕ ಗಡಿ ಯಾಕ ದಾಟ್ತಿ? ಎಂಟು ದಿನಕ್ಕೊಮ್ಮೆ ನಮ್ಮ ಓಣ್ಯಾಗ ನಳ ಬರ್ತತಿ. ಆಗ ಹೆಣ್ಮಕ್ಕಳು ಬಡದಾಡೂದು ನೋಡಿದ್ರ ಜಲಪಾತಕ್ಕಿಂತ ಛಲೋ ಇರ್ತತಿ," ಎಂದಿದ್ದ ಅವನು.

ಈ ಶ್ರಾವಣದ ಎರಡನೆಯ ವಾರ, ಬಸ್ಸಿನಲ್ಲಿ ಬಡಿಸುತ್ತಿದ್ದವನು ಜ್ವರ ಬಂದು ಮಲಗಿದ. ಶನಿವಾರ ಮುಂಜಾನೆ ಗವಿಸಿದ್ದೇಶ ಹುಲಗಮ್ಮನ ಬಾಗಿಲಿಗೆ ಬಂದ.

"ಯವ್ವಾ, ನಾಳೆ ನೀನಾ ಬಂದು ಬಡಸ್ಬೇಕು ನೋಡು. ಇಲ್ಲಂದ್ರ ನನ್ನ ಮಾನ ಹೋಗ್ತತಿ."

ಅವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಬರ್ತೀನೆಪ್ಪಾ. ಖರೆ, ನನಗೂ ಆ ನೀರು ನೋಡಾಕ ಬಿಡ್ತಿ?"

"ಅದೇನ್ ಕೇಳ್ತಿ! ಎಲ್ಲಾರ ಊಟ ಆದಮ್ಯಾಲ ಹೋಗಿ ಬಾ."

ಅಂದು ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಅವಳು ಇನ್ನೂರು ರೊಟ್ಟಿ ಬಡಿದಳು. ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಶೇಂಗಾ ಚಟ್ನಿ ಕುಟ್ಟಿದಳು. ರಾತ್ರಿಯೆಲ್ಲ ಒಲೆ ಬಿಡದೆ ನಸುಕಿನಲ್ಲಿ ಬಸ್ಸು ಹತ್ತುವಾಗ ಅವಳ ಮೈಯಲ್ಲಿ ನಿಲ್ಲುವ ಶಕ್ತಿಯೂ ಉಳಿದಿರಲಿಲ್ಲ. ಇಪ್ಪತ್ತೆಂಟು ಸೀಟುಗಳಿಗೆ ಇಪ್ಪತ್ತೆಂಟು ಹೆಸರು ಬರೆದಾಗಿತ್ತು. ಹಿಂದಿನ ಉದ್ದನೆಯ ಬೆಂಚಿನ ಮೇಲೆ ಬುಟ್ಟಿ, ಬೋಗುಣಿಗಳನ್ನು ಇಟ್ಟು, ಅವುಗಳ ಪಕ್ಕದಲ್ಲಿ ಉಳಿದ ಒಂದು ಮೊಳ ಜಾಗದಲ್ಲಿ ಅವಳು ಮುದುಡಿ ಕುಳಿತಳು. ಚಳಿಗೆಂದು ತಂದಿದ್ದ ಹಳೆಯ ಕೌದಿಯನ್ನು ತಲೆಯವರೆಗೆ ಎಳೆದುಕೊಂಡಳು. ಗಂಗಾವತಿಯ ದೀಪಗಳು ಕಂಡದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ರಸ್ತೆಯ ಬದಿಯ ಬೋರ್ಡುಗಳ ಅಕ್ಷರಗಳು ತೆಲುಗಾಗಿದ್ದವು. ಗಡಿ ದಾಟಿದ್ದು ಅವಳಿಗೆ ತಿಳಿಯಲೇ ಇಲ್ಲ.

"ರೊಟ್ಟಿಯವ್ವಗ ಎಚ್ಚರಾತು," ಎಂದು ಮುಂದಿನ ಸೀಟಿನಿಂದ ಗುರುಲಿಂಗಮ್ಮ ನಕ್ಕಳು. ಶಾಲೆಯ ಹೆಡ್‌ಮಾಸ್ತರ ಕೆಲಸದಿಂದ ನಿವೃತ್ತಳಾದ ಆಕೆಯ ದನಿಯಲ್ಲಿ ಇನ್ನೂ ಘಂಟೆಯ ಗತ್ತಿತ್ತು. "ಏನ್ ಗೊರಕಿ ಹೊಡದೆವ್ವಾ ನೀನು! ಗವಿಸಿದ್ದೇಶನ ಮೈಕಿಗಿಂತ ಜೋರಿತ್ತು."

"ತಪ್ಪಾತ್ರಿ ಅಕ್ಕಾರ."

"ತಪ್ಪು ಯಾಕ? ಅವ ಹೇಳೂ ಕಥಿಗಿಂತ ನಿನ್ನ ಗೊರಕಿನಾ ಖರೆ ಅನಿಸ್ತು ನಮಗ."

ಆಲಂಪುರದಲ್ಲಿ ಗವಿಸಿದ್ದೇಶ ಎಲ್ಲರನ್ನೂ ಗುಡಿಯಿಂದ ಗುಡಿಗೆ ನಡೆಸಿದ. ನಮ್ಮ ತುಂಗಭದ್ರೆಯೇ ಇಲ್ಲಿಯವರೆಗೆ ಹರಿದು ಬಂದಿದ್ದಾಳೆ, ಈ ಗುಡಿಗಳನ್ನು ಕಟ್ಟಿಸಿದವರು ಬಾದಾಮಿಯ ಅರಸರು, ನಮ್ಮ ಇಟಗಿಯ ಮಹಾದೇವ ಗುಡಿ ಇವಕ್ಕೆ ಎಷ್ಟೋ ತಲೆಮಾರು ಕಿರಿಯ ತಂಗಿ ಎಂದೆಲ್ಲ ವಿವರಿಸಿದ. ಹುಲಗಮ್ಮ ಎಲ್ಲರ ಹಿಂದೆ ನಡೆದಳು. ಗರ್ಭಗುಡಿಯ ಮುಂದೆ ಕೈಮುಗಿದು, ಕಂಬಕ್ಕೆ ಒರಗಿ ಕುಳಿತಳು. ಕಲ್ಲು ತಣ್ಣಗಿತ್ತು. ನಿದ್ರೆ ಮತ್ತೆ ಅವಳನ್ನು ಗೆದ್ದಿತು. ದಣಿದು ಬಂದವರು ತನ್ನ ಮನೆಯಲ್ಲಿ ನಿದ್ದೆಹೋದರೆ ದೇವರಿಗೆ ಕೋಪ ಬರುವುದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಸಾಲಾಗಿ ಹೊರಟ ಕಾಲುಗಳ ಸಪ್ಪಳಕ್ಕೆ ಅವಳು ಎದ್ದು ಬಸ್ಸಿಗೆ ಬಂದಳು. ಬೆಂಚಿನ ಮೇಲೆ ಮತ್ತೆ ಕೌದಿ ಹೊದ್ದು ಮಲಗಿದಳು. ಜಲಪಾತದ ಹತ್ತಿರ ಬಸ್ಸು ನಿಂತಾಗಲೇ ಅವಳು ಎದ್ದದ್ದು.

ನೀರು ಕಾಣಲಿಲ್ಲ. ಕಾಡಿನ ಕೆಳಗಿನಿಂದ ಅದರ ಸದ್ದು ಮಾತ್ರ ಕೇಳಿಸುತ್ತಿತ್ತು, ನೂರು ಮನೆಗಳಲ್ಲಿ ಒಮ್ಮೆಲೇ ಜೋಳ ಬೀಸಿದಂತೆ. ಕೆಳಗಿಳಿಯಲು ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಭಾನುವಾರದ ಜನಜಂಗುಳಿಗೆಂದು ಇಳಿಯುವವರಿಗೆ ಒಂದು ದಾರಿ, ಹತ್ತುವವರಿಗೆ ಗುಡ್ಡ ಬಳಸಿ ಬರುವ ಇನ್ನೊಂದು ದಾರಿ.

ಮೇಲೆ ಮರದ ನೆರಳಿನಲ್ಲಿ ಎಲೆ ಹಾಕಿದರು. ಹುಲಗಮ್ಮ ಬಡಿಸತೊಡಗಿದಳು. ಹಸಿದವರ ಕೂಗಿಗೆ ಬಿಡುವಿರಲಿಲ್ಲ.

"ಯವ್ವಾ, ಇಲ್ಲೊಂದು ರೊಟ್ಟಿ."

"ಹುಲಗವ್ವಾ, ಉಳ್ಳಾಗಡ್ಡಿ ಎಲ್ಲದಾವ?"

"ಮೊಸರು ಆ ಕಡೀನಾ ನಿಂತಬಿಡ್ತಲ್ಲಬೇ, ಈ ಕಡಿ ಬರಂಗಿಲ್ಲೇನು?"

ಉಂಡವರು ಒಬ್ಬೊಬ್ಬರಾಗಿ ಕೈತೊಳೆದು, ಗವಿಸಿದ್ದೇಶನ ಹಿಂದೆ ಮೆಟ್ಟಿಲು ಇಳಿದುಹೋದರು. ನಾಲ್ಕು ಗಂಟೆಗೆ ಬಸ್ಸು ಬಿಡುತ್ತದೆಂದು ಅವನು ಎಲ್ಲರಿಗೂ ಕೂಗಿ ಹೇಳಿದ. ಹುಲಗಮ್ಮ ಎಲೆಗಳನ್ನು ಎತ್ತಿದಳು, ನಳದ ಕೆಳಗೆ ಕೂತು ಬೋಗುಣಿಗಳನ್ನು ತಿಕ್ಕಿದಳು, ಎಲ್ಲವನ್ನೂ ಬಸ್ಸಿಗೆ ಹೊತ್ತು ಹಾಕಿದಳು. ಎರಡು ಬುಟ್ಟಿ ಖಾಲಿಯಾಗಿದ್ದವು. ಮೂರನೆಯದು ರಾತ್ರಿಯ ಊಟಕ್ಕೆ. ಖಾಲಿಯಾದ ರೊಟ್ಟಿಯ ಬುಟ್ಟಿಯನ್ನು ಬಾಯಿ ತೆರೆದಿಡುವುದು ಅವಳ ಕಡೆಯವರಲ್ಲಿ ನಿಷಿದ್ಧ. ಮನೆಗೆ ಬಡತನವನ್ನು ಕರೆದಂತಾಗುತ್ತದೆ ಎನ್ನುತ್ತಾರೆ. ತಳದಲ್ಲಿ ಒಂದೊಂದು ರೊಟ್ಟಿ ಉಳಿಸಿ, ಮೇಲೆ ಬಟ್ಟೆ ಮುಚ್ಚಬೇಕು. ಹೊದಿಸಲು ಬೇರೆ ಬಟ್ಟೆ ಕಾಣಲಿಲ್ಲ. ಅವಳು ಎರಡೂ ಬುಟ್ಟಿಗಳನ್ನು ಬೆಂಚಿನ ಮೇಲೆ ಒತ್ತಟ್ಟಿಗೆ ಇಟ್ಟು, ತನ್ನ ಕೌದಿಯನ್ನೇ ಅವುಗಳ ಮೇಲೆ ಎಳೆದು ಸುತ್ತಲೂ ಸಿಕ್ಕಿಸಿದಳು.

ಅಷ್ಟಾಗುವಾಗ ಮೂರೂಕಾಲು ಆಗಿತ್ತು. ಡ್ರೈವರ್ ಶಬ್ಬೀರಸಾಬ ದೂರದ ಮರದಡಿ ವಸ್ತ್ರ ಹಾಸಿ ನಮಾಜಿಗೆ ನಿಂತಿದ್ದ. ಪ್ರಾರ್ಥನೆಯಲ್ಲಿದ್ದವನನ್ನು ಮಾತಾಡಿಸಬಾರದೆಂದು ಹುಲಗಮ್ಮ ಸುಮ್ಮನೆ ಮೆಟ್ಟಿಲಿನ ಕಡೆ ನಡೆದಳು. ಅರ್ಧ ಇಳಿದು, ಅಲ್ಲಿಂದಲೇ ನೋಡಿ ತಿರುಗುವುದೆಂದು ಅವಳ ಎಣಿಕೆ. ಅರ್ಧಕ್ಕೆ ನಿಂತು ನೋಡಿದರೆ ಬರೀ ಮರಗಳು. ಇಲ್ಲಿಂದ ತಿರುಗಿದರೆ ಈ ಜನ್ಮದಲ್ಲಿ ಇನ್ನು ನೋಡಲಾರೆ ಎಂದು ಅವಳಿಗೆ ಅನ್ನಿಸಿತು. ಕೈಕಂಬಿ ಹಿಡಿದು, ಮಗುವಿನಂತೆ ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಊರುತ್ತ, ಕೊನೆಯವರೆಗೂ ಇಳಿದಳು. ಅವಳ ಜೊತೆ ಬಂದವರು ಅದೇ ಹೊತ್ತಿಗೆ ಆಚೆಯ ದಾರಿಯಿಂದ ಮೇಲೇರುತ್ತಿದ್ದರು.

ಎಲ್ಲರೂ ಹಾಲಿನಂತೆ ಎಂದಿದ್ದರು. ಅವಳಿಗೆ ಕಂಡ ನೀರು ಕೆಂಪಗಿತ್ತು. ಹಿಂದಿನ ದಿನದ ಮಳೆಗೆ ಗುಡ್ಡದ ಮಣ್ಣೆಲ್ಲ ಕದಡಿ, ಚಹದ ಬಣ್ಣದ ನೀರು ಬಂಡೆಯ ನೆತ್ತಿಯಿಂದ ಧುಮುಕುತ್ತಿತ್ತು. ಹುಲಗಮ್ಮನಿಗೆ ನಗು ಬಂತು. ಸುಳ್ಳು ಹೇಳಿದವರ ಮೇಲೆ ಸಿಟ್ಟು ಬರಲಿಲ್ಲ. ಒಂದು ಬಂಡೆಯ ಮೇಲೆ ಕುಳಿತು, ಸೀರೆಯನ್ನು ಮೊಣಕಾಲಿಗೆ ಎತ್ತಿ, ಪಾದಗಳನ್ನು ನೀರಿಗಿಟ್ಟಳು. ಕೈಗಳು ಎರಡೂ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಎಷ್ಟು ಬಿದ್ದರೂ ಮುಗಿಯದ ನೀರು ಅದು. ತುಂಬಿಡಬೇಕೆಂಬ ಚಿಂತೆ ಯಾರಿಗೂ ಇಲ್ಲ. ಕೊಡಗಳ ಸಾಲಿಲ್ಲ, ಜಗಳವಿಲ್ಲ. ಸೃಷ್ಟಿಕರ್ತನು ಹೀಗೆ ಅಳತೆಯಿಲ್ಲದೆ ಸುರಿಯುತ್ತಿರುವ ಕೃಪೆಯನ್ನು ಅವಳು ನೋಡಿದಳು. ಪ್ರಾರ್ಥಿಸಬೇಕೆಂದುಕೊಂಡಳು, ಆದರೆ ಬೇಡಲು ಏನೂ ನೆನಪಾಗಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಮುರುಕು ರೊಟ್ಟಿಯನ್ನು ಚಟ್ನಿಗೆ ಹಚ್ಚಿ ಮೆಲ್ಲಗೆ ತಿಂದಳು. ಅದೇ ಅವಳ ಅಂದಿನ ಮೊದಲ ತುತ್ತು.

ಎದ್ದಾಗ ಕಾಲುಗಳು ಮಾತು ಕೇಳಲಿಲ್ಲ. ಹತ್ತುವ ದಾರಿಯಲ್ಲಿ ಹತ್ತು ಹೆಜ್ಜೆಗೊಮ್ಮೆ ಕುಳಿತಳು. ಮೇಲೆ ಬಂದು ನೋಡಿದರೆ ಬಸ್ಸು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದೇ ಇತ್ತು.

ಜಾಗ ತಪ್ಪಿದೆನೋ ಎಂದು ಅವಳು ಆಚೀಚೆ ಹುಡುಕಿದಳು. ಫೋನು ಬಸ್ಸಿನಲ್ಲಿ, ಕೌದಿಯ ಕೆಳಗೆ. ಮಗ ಹನಮೇಶನ ನಂಬರೂ ಬಾಯಿಗೆ ಬರುತ್ತಿರಲಿಲ್ಲ. ಗೇಟಿನ ಬಳಿ ಕೆಂಡದ ಮೇಲೆ ಮೆಕ್ಕೆಜೋಳ ಸುಡುತ್ತಿದ್ದ ನಡುವಯಸ್ಸಿನ ಹೆಂಗಸು ಅವಳನ್ನು ಕಂಡು ಕೈಯಾಡಿಸಿದಳು.

"ಬಸ್ಸು ವೆಳ್ಳಿಪೋಯಿಂದಿ ಅಕ್ಕಾ."

ಹೋಗಿಬಿಟ್ಟಿತು ಎಂಬ ಆ ಮಾತು ಸಿದ್ದಾಪುರದ ನಾಟಿಯ ದಿನಗಳಲ್ಲಿ ಕಲಿತ ತೆಲುಗಿನಿಂದಲೇ ಹುಲಗಮ್ಮನಿಗೆ ಅರ್ಥವಾಯಿತು. ಅವಳು ನಿಂತಲ್ಲೇ ಕುಸಿದಳು. ಆ ಹೆಂಗಸು ಓಡಿಬಂದು ರಟ್ಟೆ ಹಿಡಿದೆಬ್ಬಿಸಿ, ತನ್ನ ಮರದ ಮಣೆ ಕೊಟ್ಟು ಕೂರಿಸಿದಳು, ನೀರು ಕುಡಿಸಿದಳು. ಹರುಕು ತೆಲುಗಿನಲ್ಲಿ ಹುಲಗಮ್ಮ ತನ್ನ ಕಥೆ ಹೇಳಿದಳು. ಕೇಳುತ್ತಿದ್ದ ಹೆಂಗಸು ಅವಳ ಮುಂಗೈಯ ಸುಟ್ಟ ಗೆರೆಗಳನ್ನು ನೋಡಿ, ತನ್ನ ಕೈಯನ್ನು ಪಕ್ಕದಲ್ಲಿಟ್ಟು ತೋರಿಸಿದಳು. ಅಲ್ಲಿಯೂ ಅಂಥವೇ ಗೆರೆಗಳು. ಇಬ್ಬರೂ ನಕ್ಕರು.

ಕತ್ತಲಾದರೆ ತನ್ನ ಮನೆಗೇ ಕರೆದೊಯ್ಯುವೆನೆಂದು ಆಕೆ ಸನ್ನೆ ಮಾಡಿದಳು. ಗಡಿ ಎಂಬುದು ರಸ್ತೆಯ ಮೇಲಿರುತ್ತದೆ, ಒಲೆಯ ಮುಂದೆ ಕೂತವರ ನಡುವೆ ಅದಕ್ಕೆ ಜಾಗವಿಲ್ಲ. ಆದರೂ ಹುಲಗಮ್ಮನ ಮನಸ್ಸು ರಸ್ತೆಯ ಮೇಲೆಯೇ ಇತ್ತು. ಭಯಕ್ಕಿಂತ ಒಂದು ವಿಚಾರ ಅವಳನ್ನು ಹೆಚ್ಚು ದಣಿಸಿತು. ಮಧ್ಯಾಹ್ನ ಇಪ್ಪತ್ತೆಂಟು ಬಾಯಿಗಳು ಅವಳ ಹೆಸರು ಕೂಗಿದ್ದವು. ಹೊಟ್ಟೆ ತುಂಬಿದ ಮೇಲೆ ಒಂದು ಬಾಯಿಗೂ ಆ ಹೆಸರು ಬರಲಿಲ್ಲವೇ? ಅವಳು ಅಳಲಿಲ್ಲ. ಸುಮ್ಮನಿರಲು ಬಾರದ ಕೈ ಬೀಸಣಿಗೆ ಎತ್ತಿಕೊಂಡು ಆಕೆಯ ಕೆಂಡಕ್ಕೆ ಗಾಳಿ ಹಾಕತೊಡಗಿತು.

ಹೊತ್ತು ಇಳಿಯುವಾಗ ದೂರದಿಂದ ಹಾರ್ನಿನ ಸದ್ದು ಬಿಡದೆ ಕೇಳಿಸಿತು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಗವಿಸಿದ್ದೇಶ ಹಾರಿದ. ಬಂದವನೇ ಅವಳ ಕಾಲು ಹಿಡಿದ.

"ಯವ್ವಾ, ಹೊಡಿ ನನ್ನ. ಚಪ್ಪಲಿ ತೊಗೊಂಡು ಹೊಡಿ."

"ಬಿಡೋ ಎಪ್ಪಾ, ಕಾಲು ಬಿಡು. ಮೊದಲಾ ನೋಯಾಕತ್ತಾವ," ಎಂದಳು ಹುಲಗಮ್ಮ.

ಹಿಂದೆಯೇ ಏದುಸಿರು ಬಿಡುತ್ತ ಇಳಿದ ಗುರುಲಿಂಗಮ್ಮ ನಡೆದುದನ್ನು ಹೇಳಿದಳು. "ಸೀಟೆಲ್ಲಾ ಎಣಿಸಿದಾ ಇವ, ಇಪ್ಪತ್ತೆಂಟೂ ತುಂಬಿದ್ದವು. ಹಿಂದ ನೋಡಿದ್ರ ಕೌದಿ ಹೊದ್ದು ನೀ ಮಲಗೀದಿ. ನಾ ಎಬ್ಬಸಾಕ ಹ್ವಾದೆ. ಈ ಪುಣ್ಯಾತ್ಮ, 'ಎಬ್ಬಿಸಬ್ಯಾಡ್ರಿ ಅಕ್ಕಾರ, ಪಾಪ, ನಿನ್ನಿಯಿಂದ ದಣದಾಳ' ಅಂದ. ಎಲ್ಲಾರೂ ಪಿಸುಪಿಸು ಮಾತಾಡಿಕೋತ ಹೊಂಟಿವಿ. ಗಾಳಿ ಬಿಡ್ತು, ನಿನಗ ಥಂಡಿ ಆಕ್ಕತಿ ಅಂತ ನನ್ನ ಶಾಲು ಹೊದಸಾಕ ಹೋಗಿ ಮುಟ್ಟಿದ್ನಿ. ಬುಟ್ಟಿ! ನನ್ನ ಜೀವಾನಾ ಹಾರಿತು."

ಡ್ರೈವರ್ ಸೀಟಿನಿಂದ ಶಬ್ಬೀರಸಾಬ ತಲೆ ಹೊರಗೆ ಹಾಕಿದ. "ನನ್ನ ಪಾಡು ಕೇಳ್ರಿ. ಹಿಂದ ಅಕ್ಕ ಮಲಗ್ಯಾಳ, ಮೆಲ್ಲಕ ಹೊಡಿ ಅಂದ್ರು. ಇಪ್ಪತ್ತು ಮೈಲು ಒಂದೊಂದು ಗುಂಡಿ ತಪ್ಪಿಸಿ, ಹಾರ್ನ್ ಹೊಡೀದಾ, ಎರಡು ಖಾಲಿ ಬುಟ್ಟಿಗೆ ಜೋಕಾಲಿ ತೂಗಿದಂಗ ತೂಗೀನಿ. ನನ್ನ ಹೆಂಡ್ತಿ ತಾಜಬೀ ಬಾಣಂತಿದ್ದಾಗೂ ಅಷ್ಟು ಮೆಲ್ಲಕ ಹೊಡದಿಲ್ಲ ನಾ."

ಹುಲಗಮ್ಮನಿಗೆ ಈಗ ಅಳು ಬಂತು. ಅವಳ ಹೆಸರನ್ನು ಜನ ಮರೆತಿರಲಿಲ್ಲ. ಅವಳ ನಿದ್ರೆಯನ್ನು ಕಾಯುತ್ತಿದ್ದರು. ಬದುಕಿನಲ್ಲಿ ಒಮ್ಮೆಯೂ ಅವಳ ನಿದ್ರೆಗಾಗಿ ಯಾರೂ ದನಿ ತಗ್ಗಿಸಿದ್ದಿಲ್ಲ. ಆ ಕರುಣೆಯೆಲ್ಲ ಎರಡು ಬುಟ್ಟಿಗಳ ಪಾಲಾಗಿತ್ತು. ಮನುಷ್ಯರ ಕರುಣೆಗೂ ಇಂಥ ಕುರುಡುತನ ಉಂಟು. ಮುಟ್ಟಿ ನೋಡದ ಕರುಣೆ ಸೇರಬೇಕಾದವರನ್ನು ಸೇರದೆ ದಾರಿಯಲ್ಲೇ ಉಳಿಯುತ್ತದೆ. ಮುಟ್ಟಿ ನೋಡಿದ ಆ ಒಬ್ಬ ಹೆಣ್ಣುಮಗಳು ಅಂದು ಬಸ್ಸನ್ನು ತಿರುಗಿಸಿದಳು.

"ಹೋಗ್ಲಿ, ನೀರು ನೋಡಿದಿ ಇಲ್ಲೋ?" ಗುರುಲಿಂಗಮ್ಮ ಕೇಳಿದಳು.

"ನೋಡಿದ್ನಿರಿ ಅಕ್ಕಾರ. ಕೆಂಪಿತ್ತು. ಭಾಳ ಇತ್ತು. ಹೊರಾವರು ಯಾರೂ ಇರಲಿಲ್ಲ."

ಮೆಕ್ಕೆಜೋಳದ ಹೆಂಗಸಿಗೆ ಮೂರನೆಯ ಬುಟ್ಟಿಯಿಂದ ನಾಲ್ಕು ರೊಟ್ಟಿ ತೆಗೆದುಕೊಟ್ಟು, ಆಕೆಯ ಕೈಯನ್ನು ಒಮ್ಮೆ ಒತ್ತಿ, ಹುಲಗಮ್ಮ ಬಸ್ಸು ಹತ್ತಿದಳು. ಗುರುಲಿಂಗಮ್ಮ ತನ್ನ ಕಿಟಕಿಯ ಸೀಟು ಬಿಟ್ಟುಕೊಟ್ಟು ಪಕ್ಕದಲ್ಲಿ ಒತ್ತಿ ಕೂತಳು. ಗವಿಸಿದ್ದೇಶ ಸೀಟಿನ ಕಂಬಿ ಹಿಡಿದು ನಿಂತೇ ಇದ್ದ.

"ಏನರ ಕೇಳು ಯವ್ವಾ. ಏನ್ ಕೇಳಿದ್ರೂ ಮಾಡ್ತೀನಿ."

ಹುಲಗಮ್ಮ ಮೂರನೆಯ ಬುಟ್ಟಿಯ ಕಡೆ ಕೈ ತೋರಿಸಿದಳು. "ಇವತ್ತು ರಾತ್ರಿ ಊಟ ನಾ ಬಡಸಂಗಿಲ್ಲಪ್ಪಾ. ಕುಂತು ಉಣ್ತೀನಿ. ಯಾರರ ಬಡಸ್ರಿ."

ಗಡಿ ದಾಟಿ, ರಾಯಚೂರಿನ ಈಚೆ ಒಂದು ಪೆಟ್ರೋಲ್ ಬಂಕಿನ ಕಟ್ಟೆಯ ಮೇಲೆ ಎಲೆ ಹಾಕಿದರು. ಪಂಕ್ತಿಯ ನಡುವೆ ಹುಲಗಮ್ಮ ಕಾಲು ಚಾಚಿಕೊಂಡೇ ಕುಳಿತಳು, ಮಡಚಲು ಬರುತ್ತಿರಲಿಲ್ಲ. ಗುರುಲಿಂಗಮ್ಮ ಸೆರಗು ಸಿಕ್ಕಿಸಿ ರೊಟ್ಟಿ ಹಂಚಿದಳು. ಗವಿಸಿದ್ದೇಶ ಚಟ್ನಿಯ ಬೋಗುಣಿ ಹಿಡಿದು, ಎಲ್ಲರಿಗಿಂತ ಮೊದಲು ಅವಳ ಎಲೆಯ ಮುಂದೆ ಬಗ್ಗಿದ. ಬಡಿದವಳು ಕೊನೆಗೆ ಮುರುಕು ಚೂರುಗಳನ್ನು ಉಣ್ಣುವುದೇ ವಾಡಿಕೆ. ತಾನು ಮಾಡಿದ ರೊಟ್ಟಿಯನ್ನು ಇಡಿಯಾಗಿ ಎಲೆಯ ಮೇಲೆ ನೋಡಿ ಎಷ್ಟು ವರ್ಷವಾಗಿತ್ತೋ ಅವಳಿಗೇ ನೆನಪಿರಲಿಲ್ಲ. ಮುರಿದು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು. ಮುಖ ಸಣ್ಣಗಾಯಿತು.

"ಯಾಕ ಯವ್ವಾ?" ಗವಿಸಿದ್ದೇಶ ಗಾಬರಿಯಾದ.

"ದಪ್ಪ ಬಡದೀನೆಪ್ಪಾ. ಅಂಚಿನಾಗ ಸರಿಯಾಗಿ ಬೆಂದೂ ಇಲ್ಲ. ಎಂಟು ವರ್ಷ ಇದನ್ನಾ ಉಂಡಿರೇನು? ಒಬ್ಬರರ ಹೇಳಬಾರದಾ?"

"ನಮಗ ಛಲೋ ಅನಿಸಿದ್ವಲ್ಲಬೇ."

"ನಿಮಗ ಹಸಿವಿ ಆಗಿತ್ತು," ಎಂದಳು ಅವಳು. ಅರ್ಧ ರೊಟ್ಟಿ ಮುಗಿಯುವ ಮೊದಲೇ ಅವಳ ತಲೆ ನಿದ್ದೆಗೆ ಪಕ್ಕಕ್ಕೆ ವಾಲತೊಡಗಿತು. ಗುರುಲಿಂಗಮ್ಮ ಬಡಿಸುವುದನ್ನು ಬೇರೆಯವರಿಗೆ ಒಪ್ಪಿಸಿ, ಪಕ್ಕದಲ್ಲಿ ಭುಜ ಕೊಟ್ಟು, ಎಂಜಲು ಕೈಯಲ್ಲಿದ್ದ ತುತ್ತು ಕೆಳಗೆ ಬೀಳದಂತೆ ಅವಳ ಮುಂಗೈಯನ್ನು ಹಿಡಿದುಕೊಂಡು ಕುಳಿತಳು.